ಚಕ್ರದ ನಡುವಿನ ಬಿಲ್ಲೆ

“ಅಲ್ಲಯ್ಯಾ, ನನ್ನ ಮಗಳಿಗೆ ನೀನು ಮಾರಿದ ಸೈಕಲ್ಲಿನ ಕಿರುಚಾಟ ಕೊನೆಗೆ ನಾನೇ ನಿಲ್ಲಿಸಬೇಕಾಯ್ತು ನೋಡು,” ಎಂದರು ಹೊಲಿಗೆ ಯಂತ್ರ ರಿಪೇರಿಯ ಯಜಮಾನರು, ಬಿಚ್ಚಿಟ್ಟ ಯಂತ್ರದ ಹಲ್ಲುಗಳಲ್ಲಿ ಸಿಕ್ಕಿದ್ದ ದಾರವನ್ನು ಚಿಮ್ಮಟದಿಂದ ಎಳೆಯುತ್ತ.

ರಿಪೇರಿ ಮುಗಿದಿದ್ದ ತನ್ನ ಹೆಂಡತಿಯ ಯಂತ್ರವನ್ನು ಒಯ್ಯಲು ಬಂದಿದ್ದ ಸೈಕಲ್ ಅಂಗಡಿಯವನು ನಕ್ಕ. “ಡಿಸ್ಕ್ ಬ್ರೇಕಿನ ಸದ್ದು ಅಷ್ಟು ಸುಲಭವಾಗಿ ಹೋಗಲ್ಲ ಯಜಮಾನ್ರೇ. ಏನು ಮಾಡಿದ್ರಿ?”

“ಕಿರುಚೋದಕ್ಕೆ ಇನ್ನೇನು ಮಾಡ್ತಾರೆ? ಎಣ್ಣೆ ಬಿಟ್ಟೆ.”

ಆ ಮನೆಯಲ್ಲಿ ಸದ್ದು ಮಾಡಿದ್ದಕ್ಕೆಲ್ಲ ಎಣ್ಣೆಯೇ ಮದ್ದು. ಬಾಗಿಲ ತಿರುಗಣಿ, ಫ್ಯಾನು, ಬಾವಿಯ ರಾಟೆ, ಯಾವುದೂ ಯಜಮಾನರ ಉದ್ದ ಮೂತಿಯ ಕುಪ್ಪಿಯಿಂದ ತಪ್ಪಿಸಿಕೊಂಡಿರಲಿಲ್ಲ. ತಾಯಿ ಗೊಣಗತೊಡಗಿದರೆ ಮಗಳು, “ಅಪ್ಪಾ, ಇಲ್ಲೊಂದು ತೊಟ್ಟು ಬಿಡಿ,” ಎನ್ನುತ್ತಿದ್ದಳು.

ಅವಳು ಹೊಸ ಸೈಕಲ್ಲನ್ನು ತಂದಂದಿನಿಂದ ತಂದೆ ಮಗಳ ನಡುವೆ ವಾದ ನಡೆದೇ ಇತ್ತು. ಯೌವನದಲ್ಲಿ ತಾವೇ ಪಂದ್ಯದ ಸೈಕಲ್ ತುಳಿದಿದ್ದ ಯಜಮಾನರಿಗೆ ಬ್ರೇಕೆಂದರೆ ಚಕ್ರದ ಅಂಚನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ರಬ್ಬರು. “ಬ್ರೇಕು ಕಣ್ಣಿಗೆ ಕಾಣಬೇಕು. ರಿಮ್ ಬಿಟ್ಟು ಹೊಕ್ಕುಳು ಹಿಡಿದ್ರೆ ಚಕ್ರ ನಿಲ್ಲುತ್ತೇನೇ?” ಎನ್ನುವರು. “ಊರಿಗೇ ಒಂದು ದಾರಿ, ನಮ್ಮಪ್ಪನಿಗೇ ಒಂದು ದಾರಿ. ರಿಮ್ ಒದ್ದೆಯಾದ್ರೆ ನಿಮ್ಮ ರಬ್ಬರ್ ಜಾರುತ್ತೆ, ಇದು ಜಾರಲ್ಲ,” ಎಂದು ಅವಳು ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿಯುವಳು. ಅವಳು ಹೊರಡುವಾಗಲೆಲ್ಲ, “ಆ ಬ್ರೇಕು ಒಂದಿನ ನಿನ್ನ ಕೈ ಬಿಡುತ್ತೆ,” ಎಂಬ ಮಾತು ಹಾರೈಕೆಯಂತೆ ಹಿಂದಿನಿಂದ ಬರುತ್ತಿತ್ತು.

ರಿಮ್ಮಿಗಾದರೆ ಅವರು ಸತ್ತರೂ ಎಣ್ಣೆ ಸೋಕಿಸುತ್ತಿರಲಿಲ್ಲ. ಅಲ್ಲಿ ರಬ್ಬರು ಉಜ್ಜುವುದು ಕಾಣುತ್ತದೆ. ಆದರೆ ಅಚ್ಚಿನ ಬಳಿಯ ಆ ತೂತುತೂತಿನ ತೆಳು ಬಿಲ್ಲೆ ಅವರ ಕಣ್ಣಿಗೆ ಹೊಲಿಗೆ ಯಂತ್ರದ ಒಳಭಾಗದ ಹಾಗೆ ತೋರಿತ್ತು. ನಿನ್ನೆ ಮಧ್ಯಾಹ್ನ ಮಗಳು ಮಲಗಿದ್ದಾಗ, ವಾದವನ್ನು ಬದಿಗಿಟ್ಟು, ತಿಳಿಯಾದ ಎಣ್ಣೆಯನ್ನು ಅದಕ್ಕೆ ಸವರಿ, ಒಳಗೂ ಇಳಿಯಲೆಂದು ಬ್ರೇಕಿನ ಹಿಡಿಯನ್ನು ಮತ್ತೆ ಮತ್ತೆ ಒತ್ತಿ, ಬಟ್ಟೆಯಿಂದ ಹೊಳೆಯುವಂತೆ ಒರೆಸಿಟ್ಟಿದ್ದರು. ಅದು ಅವರ ಮಟ್ಟಿಗೆ ರಾಜಿಯ ಕೆಲಸ.

“ಎಣ್ಣೆ ಎಲ್ಲಿಗೆ ಬಿಟ್ರಿ? ಚೈನಿಗಾ?” ಅಂಗಡಿಯವನ ನಗೆ ಮಾಸಿತ್ತು.

“ನಡುವಿನ ಬಿಲ್ಲೆಗೆ. ಹಿಂದೆ, ಮುಂದೆ, ಎರಡಕ್ಕೂ.”

ಎತ್ತಿಕೊಂಡಿದ್ದ ಯಂತ್ರವನ್ನು ಅವನು ಮೆಲ್ಲನೆ ನೆಲಕ್ಕಿಳಿಸಿದ. “ರಬ್ಬರು ರಿಮ್ಮನ್ನ ಹಿಡಿಯೋ ಹಾಗೆ ಇಲ್ಲಿ ಪ್ಯಾಡು ಹಿಡಿಯೋದು ಅದೇ ಬಿಲ್ಲೇನ. ಪ್ಯಾಡು ಎಣ್ಣೆ ಕುಡಿದ್ರೆ ಮುಗೀತು. ಒತ್ತಿದ್ರೆ ಹಿಡಿ ಗಟ್ಟಿಯಾಗೇ ಇರುತ್ತೆ, ಚಕ್ರ ಮಾತ್ರ ನಿಲ್ಲಲ್ಲ. ಮಗಳೆಲ್ಲಿ?”

“ಗೆಳತಿಯರ ಜೊತೆ ಬೆಟ್ಟಕ್ಕೆ ಹೋದ್ಲು. ಹೋಗುವಾಗ ಏನೂ ಅನ್ನಲಿಲ್ಲ.”

“ನಿಮ್ಮ ಬಾಗಿಲಿಂದಲೇ ಏರು ಶುರು. ಹತ್ತುವಾಗ ಬ್ರೇಕ್ ಯಾರು ಮುಟ್ತಾರೆ?”

ಯಜಮಾನರು ಫೋನಿಗೆ ಕೈಹಾಕಿದರು. ಬಹಳ ಹೊತ್ತು ಕರೆದ ಮೇಲೆ ಗಾಳಿಯ ಭೋರ್ಗರೆತದೊಳಗಿಂದ ಮಗಳ ದನಿ ಕೇಳಿಸಿತು. “ಹೇಳಿ ಅಪ್ಪಾ, ತುದಿಗೆ ಬಂದ್ವಿ.”

“ಮಗಳೇ, ಆ ಬ್ರೇಕನ್ನ ನಂಬಬೇಡ. ಇಳಿಯುವಾಗ ಸೈಕಲ್ ತಳ್ಕೊಂಡು ಬಾ.”

“ಬೆಟ್ಟದ ಮೇಲೂ ಶುರುವಾಯ್ತಾ?” ಅವಳು ಯಾರಿಗೋ, “ನಮ್ಮಪ್ಪ, ರಿಮ್ ಪಕ್ಷದವರು,” ಎಂದಳು, ಹಲವರು ನಕ್ಕರು.

“ಇಲ್ಲಮ್ಮಾ, ಈ ಸಲ ನಿಜವಾಗಿ ಹೇಳ್ತಿದೀನಿ...”

“ಪ್ರತಿ ಸಲಾನೂ ನಿಜವಾಗೇ ಹೇಳ್ತೀರಿ. ಎಲ್ಲರೂ ಹೊರಟ್ರು. ಉಳಿದದ್ದು ಮನೆಗೆ ಬಂದು ಬೈಸ್ಕೋತೀನಿ.”

ತಾವು ಮಾಡಿದ್ದು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಒಳ್ಳೆಯದಕ್ಕೇ ಮಾಡಿದೆನೆಂಬುದನ್ನು ಮೊದಲು ಹೇಳಬೇಕೆಂದು ಮನಸ್ಸು ಮಾತು ಜೋಡಿಸುತ್ತಿತ್ತು. ಅಷ್ಟರಲ್ಲಿ ಕರೆ ಕಡಿದುಹೋಯಿತು. ಮತ್ತೆ ಮಾಡಿದರೆ ಬರೀ ಗಂಟೆ.

“ಎಣ್ಣೆ ಬಿಟ್ಟೆ ಅಂತ ಒಂದು ಮಾತು ಹೇಳಬಾರದಿತ್ತಾ?” ಎಂದ ಅಂಗಡಿಯವನು. ಅವನು ಆಗಲೇ ಸ್ಕೂಟರಿನತ್ತ ಓಡುತ್ತಿದ್ದ.

ಸ್ಕೂಟರು ಕಡೆಯ ಮನೆಗಳನ್ನು ದಾಟಿ ಬೆಟ್ಟದ ದಾರಿ ಹಿಡಿಯಿತು. ಹಿಂದೆ ಕುಳಿತ ಯಜಮಾನರು ಕರೆ ಮಾಡುತ್ತಲೇ ಇದ್ದರು. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಮೊಣಕಾಲೆತ್ತರದ ಗೋಡೆ. ಗೋಡೆಯಾಚೆ ಮರಗಳ ತಲೆಗಳು ಮಾತ್ರ ಕಾಣುತ್ತಿದ್ದವು. ರಸ್ತೆ ಅಗಲವಾಗುವ ತಿರುವಿನಲ್ಲಿ ಅಂಗಡಿಯವನು ಸ್ಕೂಟರು ನಿಲ್ಲಿಸಿದ. ಅಲ್ಲಿಂದ ಮೇಲಿನ ಸುತ್ತುಗಳೆಲ್ಲ ಕಾಣುತ್ತಿದ್ದವು.

ತುದಿಯ ಸುತ್ತಿನಲ್ಲಿ ಸವಾರರು ಕಾಣಿಸಿಕೊಂಡರು, ಹರಿದ ಸರದ ಮಣಿಗಳಂತೆ ಒಬ್ಬರ ಹಿಂದೊಬ್ಬರು. ಅಷ್ಟು ದೂರಕ್ಕೆ ಎಲ್ಲ ಹೆಲ್ಮೆಟ್ಟುಗಳೂ ಒಂದೇ. ಅವುಗಳಲ್ಲೊಂದು ಉಳಿದವನ್ನು ಹಿಂದಿಕ್ಕಿ ಮುಂದೆ ಬಂದಿತು. ಮುಂದೆ ಬರುತ್ತಲೇ ಇತ್ತು.

“ಅಂಚಿಗೆ ಬನ್ನಿ ಯಜಮಾನ್ರೇ,” ಎಂದ ಅಂಗಡಿಯವನು.

ಯಜಮಾನರು ಚಪ್ಪಲಿಗಳನ್ನು ಗೋಡೆಯ ಬಳಿ ಕಳಚಿಟ್ಟರು. ಬರಿಗಾಲಲ್ಲಿ ರಸ್ತೆಯ ನಡುವಿಗೆ ನಡೆದು, ಮುಖವನ್ನು ಮೇಲಿನ ತಿರುವಿನತ್ತ ಎತ್ತಿ, ಎರಡೂ ತೋಳುಗಳನ್ನು ಅಗಲಿಸಿ ನಿಂತರು.