ಚಿವುಟಿದ ಗಿಡಗಳು

"ಯಾವ ಬೇವರ್ಸಿ ಮುಂಡೆ ಕಣ್ರೇ ಈ ಗಿಡ ಉಳಿಸ್ದೋಳು? ಬೊಗಳ್ರೇ!"

ನೀಲಕಂಠಸ್ವಾಮಿ ಹಳದಿ ಹೂ ಬಿಟ್ಟಿದ್ದ ಹರಳು ಗಿಡದ ಗೊನೆ ಹಿಡಿದು ಜಗ್ಗಿದ. ಹನಗೋಡಿನ ಆಚೆ ಅವನದು ಆರು ಎಕರೆಯ, ಕಂಪನಿಗೆ ಹೈಬ್ರಿಡ್ ಬೀಜ ಬೆಳೆದುಕೊಡುವ ಹೊಲ. ಹೆಣ್ಣು ಸಾಲಿನ ಗೊನೆಗಳಲ್ಲಿ ಕೆಂಪು ಹೂ ಮಾತ್ರ ಇರಬೇಕು. ಗೊನೆಯ ಬುಡದಲ್ಲಿ ಹಳದಿ ಗಂಡು ಹೂ ಕಂಡಿತೋ, ಗಿಡವನ್ನೇ ಬೇರು ಸಮೇತ ಕಿತ್ತೆಸೆಯಬೇಕು. ಇಲ್ಲದಿದ್ದರೆ ಅದರ ಪುಡಿ ಹಾರಿ ತಳಿ ಕೆಡುತ್ತದೆ, ಹೆಚ್ಚು ಇಳುವರಿ ಅನ್ನೋದೆಲ್ಲ ಮಣ್ಣುಪಾಲು. ಕೀಳುವ ಕೆಲಸ ಕಾಡಂಚಿನ ಆದಿವಾಸಿ ಹಾಡಿಯ ಹೆಂಗಸರದು.

ಅವರಲ್ಲೊಬ್ಬಳಾದ ಚಿಕ್ಕಮಾದಿ ಕೈಲಿದ್ದ ಗಿಡ ಕೆಳಗೆ ಹಾಕಿದಳು. ಉಳಿಸಿದ್ದು ಅವಳೇ. ಕಾಯಿ ಕಚ್ಚಿದ ಗಿಡ ಬಸುರಿ ಇದ್ದ ಹಾಗೆ, ಅದರ ಬೇರಿಗೆ ಕೈ ಹಾಕಬಾರದು ಅಂತ ಅವರ ಹಾಡಿಯ ಕಟ್ಟು. ಹಾಗಾಗಿ ಹಳದಿ ಹೂವನ್ನಷ್ಟೇ ಉಗುರಲ್ಲಿ ಚಿವುಟಿ ಹಾಕಿದ್ದಳು. ಮುಂದಿನ ಗೊನೆಯಲ್ಲಿ ಅದು ಮತ್ತೆ ಅರಳುತ್ತೆ ಅಂತ ಯಾವ ಪುಣ್ಯಾತ್ಮ ಹೇಳಿಕೊಟ್ಟಿದ್ದ?

"ನಾನೇ ಬುದ್ದಿ," ಅಂದಳು. "ಬಸ್ರಿ ಗಿಡ ಅಂತ ಊವ ಮಾತ್ರ ಚಿವುಟಿ ಬುಟ್ಟೆ."

"ಥೂ, ಕಾಡು ಮುಂಡೇದೇ!" ಉಗಿದ ಎಲೆಯಡಿಕೆ ಅವಳ ಸೆರಗಿನ ಮೇಲೆ ಬಿತ್ತು.

ಬೀಜದ ಕಂಪನಿಯಿಂದ ತಪಾಸಣೆಗೆ ಬಂದಿದ್ದ ಸುನೀಲ್‌ಕುಮಾರ್ ಹತ್ತಿರ ಬಂದ. "ಇಂಥವು ಎಷ್ಟಿವೆಯಮ್ಮ?"

"ಮೂವತ್ತೋ ನಲವತ್ತೋ ಇದ್ದಾವು ಸಾಮಿ."

ಸುನೀಲ್‌ಕುಮಾರ್ ಸ್ವಾಮಿಯತ್ತ ತಿರುಗಿದ. "ಚಿವುಟಿರೋದು ಮತ್ತೆ ಅರಳೋತನಕ ನೋಡಿದ್ರೆ ಗೊತ್ತಾಗಲ್ಲ ಸ್ವಾಮಿಯೋರೇ. ಇವಳೇ ತೋರಿಸ್ಬೇಕು. ಸಂಜೆಯೊಳಗೆ ಕೀಳಿಸಿಲ್ಲ ಅಂದ್ರೆ ಹೊಲ ಪೂರ್ತಿ ರಿಜೆಕ್ಟ್."

ಸ್ವಾಮಿ ಅವಳ ಮುಡಿಗೆ ಕೈ ಹಾಕಿ ಸಾಲಿನ ಅಂಚಿಗೆ ಎಳೆದ. ಕಿವಿಯ ಹತ್ತಿರ ಬಾಯಿ ತಂದ. "ತೋರ್ಸೇ! ಇಲ್ಲಾಂದ್ರೆ ಕಾಡಂದಿಗೆ ಉರ್ಲು ಆಕಿದ್ದು ನಿನ್ ಗಂಡ ಸಿದ್ದ ಅಂತ ಫಾರೆಸ್ಟ್‌ನೋರಿಗೆ ಏಳ್ತೀನಿ. ಜೈಲಲ್ಲಿ ಕೊಳೀಲಿ ನನ್ಮಗ!"

ಹೊಲಕ್ಕೆ ಹಂದಿ ನುಗ್ಗುತ್ತೆ, ಉರುಳು ಒಡ್ಡು ಅಂತ ಸಿದ್ದನ ಕೈಗೆ ತಂತಿ ಕೊಟ್ಟವನು ಇದೇ ಸ್ವಾಮಿ. ಹೋದ ವರ್ಷ ಪಕ್ಕದ ಹಾಡಿಯ ಮುದ್ದಯ್ಯನನ್ನು ಇಂಥದೇ ಕೇಸಲ್ಲಿ ಎಳೆದೊಯ್ದವರು ಇನ್ನೂ ಬಿಟ್ಟಿಲ್ಲ. ಅಯ್ಯೋ, ತೋರಿಸಿಬಿಡೋಣ ಅಂತ ಚಿಕ್ಕಮಾದಿ ಎರಡು ಹೆಜ್ಜೆ ಇಟ್ಟಳು. ತೋರಿಸಿದ ಮಾತ್ರಕ್ಕೆ ಈ ಮನುಷ್ಯ ಸುಮ್ಮನಿರುತ್ತಾನಾ? ನಾಳೆ ಇನ್ನೊಂದಕ್ಕೆ ಇದೇ ಬೆದರಿಕೆ ಹಾಕುತ್ತಾನೆ.

"ಉರ್ಲು ಆಕ್ಸಿದ್ದು ಯಾರು ಅಂತ ಈ ಸಾಯೇಬ್ರ ಮುಂದೆ ನೀವೇ ಏಳಿ ಬುದ್ದಿ. ಆಮ್ಯಾಕೆ ತೋರುಸ್ತೀನಿ."

ಅಂದದ್ದು ತಾನೇನಾ ಅಂತ ಅವಳಿಗೇ ದಿಗಿಲಾಯಿತು.

"ಏನಂದೆಲೇ?" ಸ್ವಾಮಿ ಚಪ್ಪಲಿ ಕಳಚಿ ಎತ್ತಿದ.

ಹೆದರಿ ಚಿಕ್ಕಮಾದಿ ಸಾಲಿನ ನಡುವೆ ಕುಸಿದು ಕೂತಳು. ಹಟ ಹಿಡಿದೇ ಕೂತಳು ಅಂದುಕೊಂಡು ಪಕ್ಕದ ಸಾಲಲ್ಲಿದ್ದ ಪುಟ್ಟಿ ಬಂದು ಪಕ್ಕದಲ್ಲಿ ಕೂತಳು. ರೇಣುಕಾ ಕೂತಳು. ಆಮೇಲೆ ಉಳಿದ ಹೆಂಗಸರೂ ಕೆಲಸ ಬಿಟ್ಟು ಕೂತರು.

ಸುನೀಲ್‌ಕುಮಾರ್ ಗಡಿಯಾರ ನೋಡಿಕೊಂಡ. "ಹೊತ್ತಾಗ್ತಿದೆ ಸ್ವಾಮಿಯೋರೇ. ಅದೇನು ಉರುಳಿನ ವಿಷಯ?"

ಸ್ವಾಮಿ ಎತ್ತಿದ ಚಪ್ಪಲಿ ಇಳಿಸಲಿಲ್ಲ. ಚಿಕ್ಕಮಾದಿ ಕಣ್ಣು ಮುಚ್ಚಿ, ತಲೆಯ ಮೇಲೆ ಎರಡೂ ಕೈ ಹೊತ್ತುಕೊಂಡು ಏಟಿಗೆ ಕಾದಳು. ಕೂತಲ್ಲಿಂದ ಏಳಲಿಲ್ಲ.