ಮೇಷ್ಟ್ರು ಬರೆದ ಎತ್ತರ

ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು, ನೀರಿನ ಸದ್ದಿನ ಮರೆಯಲ್ಲಿ ಹಾಡಮ್ಮ ಇನ್ನೊಂದು ಸಲ ಆ ಸ್ವರವನ್ನು ಮುಟ್ಟಲು ನೋಡಿದಳು. ಗಂಟಲು ಅರ್ಧ ದಾರಿಗೆ ಬಂದು ನಿಂತುಬಿಟ್ಟಿತು. ಹೊರಬಂದದ್ದು ಬರೀ ಗಾಳಿ. ಕನ್ನಡಿಯೊಳಗೆ ಎಪ್ಪತ್ತನಾಲ್ಕು ವರ್ಷದ ಹೆಂಗಸೊಬ್ಬಳು ಹಲ್ಲಿನ ಡಾಕ್ಟರ ಮುಂದೆ ಕೂತವಳ ಹಾಗೆ ಬಾಯಿ ತೆರೆದು ನಿಂತಿದ್ದಳು. ನಗು ಬರಬೇಕಿತ್ತು, ಯಾಕೆಂದರೆ ಹೊರಗೆ ತಾಲೀಮಿನ ಕೋಣೆಯಲ್ಲಿ ಡ್ರಮ್ಮಿನ ಮುಂದೆ ಕೂತಿದ್ದವನು ನಿಜಕ್ಕೂ ಹಲ್ಲಿನ ಡಾಕ್ಟರೇ. ವಾರಕ್ಕೆ ಐದು ದಿನ ಹಲ್ಲು ಕೀಳುತ್ತಾನೆ, ಉಳಿದೆರಡು ದಿನ ಡ್ರಮ್ಮು ಬಾರಿಸುತ್ತಾನೆ. ಆದರೆ ಹಾಡಮ್ಮನಿಗೆ ನಗು ಬರಲಿಲ್ಲ. ನಲ್ಲಿ ನಿಲ್ಲಿಸಿದರೆ ತನ್ನ ಎದೆ ಹೊಡೆದುಕೊಳ್ಳುವುದೂ ಆಚೆಯವರಿಗೆ ಕೇಳಿಸೀತು ಎಂದು ಹೆದರಿಕೆಯಾಯಿತು.

"ಅತ್ತೆ, ಆರಾಮಾಗಿದೀರಿ ತಾನೇ?" ಬಾಗಿಲಾಚೆಯಿಂದ ಮೇಷ್ಟ್ರ ಮಗಳು ಕೇಳಿದಳು.

"ಬಂದೆ ಕಣೇ. ಮುಖ ತೊಳ್ಕೊಳ್ತಿದ್ದೆ."

"ನಿಧಾನಕ್ಕೆ ಬನ್ನಿ. ಇವತ್ತು ಒಂದೇ ಹಾಡು. ಕೊನೇದು."

ಹಾಡಮ್ಮ ನಲ್ಲಿ ನಿಲ್ಲಿಸಿದಳು. ಕೊನೆಯ ಹಾಡು. ಅವಳಿಗೆ ಬೇಡವಾಗಿದ್ದದ್ದೇ ಅದು.

ಹಾಡಮ್ಮ ಎನ್ನುವುದು ಓಣಿಯ ಮಕ್ಕಳು ಇಟ್ಟ ಹೆಸರು; ಆಮೇಲೆ ಪೋಸ್ಟಿನವನೂ ಹಾಗೇ ಕರೆಯತೊಡಗಿದ್ದ. ಒಂದು ಕಾಲಕ್ಕೆ ದೊಡ್ಡ ಹೋಟೆಲುಗಳಲ್ಲಿ ಜಾಝ್ ಹಾಡಿ, ರೇಡಿಯೋದಲ್ಲಿ ಪಾಪ್ ಹಾಡಿ ಮನೆಮಾತಾದವಳು, ಸೋಪಿನ ಜಾಹೀರಾತಿಗೂ ಗಂಟಲು ಕೊಟ್ಟವಳು. ಆ ಹಾಡುಗಳನ್ನು ಜನ ಮರೆತಿರಲಿಲ್ಲ. ಜನಕ್ಕೆ ಗೊತ್ತೇ ಆಗದೆ ಹೋದದ್ದು ಒಂದು ಆಲ್ಬಮ್ಮು, ಅವಳ ಮೂವತ್ತಾರನೇ ವಯಸ್ಸಿನಲ್ಲಿ ಬಂದ 'ಮಹಡಿಯ ಮೇಲೆ ಯಾರೋ'. ಎಂಟು ಹಾಡು. ಎಂಟನ್ನೂ ಬರೆದು, ರಾಗ ಹಾಕಿ, ಪಿಯಾನೋ ನುಡಿಸಿದವರು ಮೇಷ್ಟ್ರು, ಈಗ ಬಾಗಿಲಾಚೆ ನಿಂತವಳ ಅಪ್ಪ. ಹೋದ ವರ್ಷ ಹಳೆ ರೆಕಾರ್ಡು ಮಾರುವ ಅಂಗಡಿಯವನೊಬ್ಬ ಅದರ ಧೂಳು ಒರೆಸಿ, ಕೊನೆಯ ಹಾಡನ್ನು ಫೋನಿನಲ್ಲಿ ಹಂಚಿದ. ಅಲ್ಲಿಂದ ಕೈಯಿಂದ ಕೈಗೆ ಹೋಗಿ, ಮೀಸೆ ಮೂಡದ ಹುಡುಗರೆಲ್ಲ ಅದನ್ನು ಗುನುಗತೊಡಗಿದರು. ರೆಕಾರ್ಡು ಕಂಪನಿ ಎದ್ದುಬಿದ್ದು ಹೊಸದಾಗಿ ಅಚ್ಚು ಹಾಕಿತು. ಈ ಶನಿವಾರ ಸಂಜೆ ಅದರ ಕಾರ್ಯಕ್ರಮ, ಸಭಾಂಗಣದ ಟಿಕೆಟು ಆಗಲೇ ಒಂದೂ ಉಳಿದಿರಲಿಲ್ಲ.

ಇಂಥ ಆಲ್ಬಮ್ಮು ಮೂಲೆಗೆ ಬಿದ್ದದ್ದು ಹೇಗೆ ಎಂದು ಅವಳನ್ನು ಮಾತಾಡಿಸಲು ಬಂದವರೆಲ್ಲ ಕೇಳಿದರು. ಕಂಪನಿಯ ಆಗಿನವರ ಉಡಾಫೆ ಎಂದು ಅವರೇ ಉತ್ತರವನ್ನೂ ಹೇಳಿದರು. ಹಾಡಮ್ಮ ಪ್ರತಿ ಸಲವೂ ಹೂಂ ಎಂದಳು. ಹೂಂ ಎನ್ನುವುದಕ್ಕೆ ಗಂಟಲೇನೂ ಬೇಕಾಗಿರಲಿಲ್ಲ.

ತಾಲೀಮಿನ ಕೋಣೆ ಸೈಕಲ್ ರಿಪೇರಿ ಅಂಗಡಿಯ ಮೇಲಿತ್ತು. ಸದ್ದು ಆಚೆ ಹೋಗದಿರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದರು. ಕೆಳಗಿನವನು ಟೈರಿಗೆ ಗಾಳಿ ಹೊಡೆದಾಗ ನೆಲ ಸಣ್ಣಗೆ ಅದುರುತ್ತಿತ್ತು. ಮೇಷ್ಟ್ರ ಮಗಳು ಪಿಯಾನೋದ ಮುಂದೆ ಕನ್ನಡಕ ಏರಿಸಿಕೊಂಡು ಕೂತಿದ್ದಳು. ನಲವತ್ತು ದಾಟಿದ ಹೆಂಗಸು, ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಅಪ್ಪನ ಹಾಗೇ ಬೆನ್ನು ಸ್ವಲ್ಪ ಬಗ್ಗಿತ್ತು. ಅವಳ ಪಕ್ಕದಲ್ಲಿ ತನಗಿಂತ ಗೇಣುದ್ದ ಎತ್ತರದ, ದೊಡ್ಡ ಪಿಟೀಲಿನಂಥ ಬಾಸ್ ವಾದ್ಯ ತಬ್ಬಿಕೊಂಡು ನಿಂತವಳನ್ನು ಎಲ್ಲರೂ ಗಿಡ್ಡಿ ಎನ್ನುತ್ತಿದ್ದರು. ಅವಳೂ ಅದಕ್ಕೆ ಓಗೊಡುತ್ತಿದ್ದಳು.

"ಮೇಡಂ, ನಿಮ್ಮ ಗುಟ್ಟು ಕಂಡುಹಿಡಿದುಬಿಟ್ಟೆ!" ಹಾಡಮ್ಮ ಒಳಗೆ ಕಾಲಿಟ್ಟಿದ್ದೇ ತಡ ಗಿಡ್ಡಿ ಹೇಳಿದಳು.

ಹಾಡಮ್ಮ ಅಲ್ಲೇ ನಿಂತು ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಯಾವ ಗುಟ್ಟೇ?"

"ರೆಕಾರ್ಡಲ್ಲಿ ಬಾಸಿನ ದಪ್ಪ ತಂತಿ ಬೆರಳು ಒತ್ತದೆ ಖಾಲಿ ನುಡಿಯುತ್ತೆ. ಕೇಳಿದ್ರೆ ಗೊತ್ತಾಗುತ್ತೆ, ಗುಂಯ್ ಅನ್ನುತ್ತೆ. ಆದ್ರೆ ಖಾಲಿ ತಂತೀಲಿ ಆ ಸ್ವರ ಬರೋ ಹಾಗೇ ಇಲ್ಲ, ಅದು ಒಂದು ಮನೆ, ಅಂದ್ರೆ ಅರ್ಧ ಸ್ವರ, ಮೇಲಿದೆ. ತಲೆ ಕೆಟ್ಟುಹೋಗಿತ್ತು ನಂಗೆ. ಕೊನೆಗೆ ಹೊಳೀತು. ನಿಮ್ಮ ಕಾಲದೋರು ತಂತೀನೇ ಬಿಗಿ ಮಾಡ್ಕೊಂಡು ನುಡಿಸಿದಾರೆ! ನಾನೂ ಬಿಗಿ ಮಾಡ್ಕೊಂಡಿದೀನಿ."

"ತಂತಿ ಕಿತ್ತು ಮೂತಿಗೆ ಹೊಡೆದ್ರೆ ಹಲ್ಲು ಪುಕ್ಕಟೆ ಕಟ್ಕೊಡ್ತೀನಿ ಅಂದಿದೀನಿ," ಎಂದ ಡಾಕ್ಟರು.

ಎಲ್ಲರೂ ನಕ್ಕರು. ಹಾಡಮ್ಮನೂ ತುಟಿ ಅಗಲಿಸಿದಳು. ಆ ಕಾಲದಲ್ಲಿ ಯಾರೂ ಯಾವ ತಂತಿಯನ್ನೂ ಬಿಗಿ ಮಾಡಿರಲಿಲ್ಲ. ಈ ಮಕ್ಕಳು ಭಕ್ತಿಯಿಂದ ತಪ್ಪು ಮಾಡಿದ್ದರು.

ನಡೆದದ್ದು ಇಷ್ಟೇ. ಮೇಷ್ಟ್ರು ಆ ಹಾಡಿನ ತುದಿಯಲ್ಲಿ ಒಂದು ಎತ್ತರದ ಸ್ವರ ಬರೆದಿದ್ದರು. ಅದು ಹಾಡಮ್ಮನ ಇಪ್ಪತ್ತೈದರ ಗಂಟಲನ್ನು ನೆನಪಿಟ್ಟುಕೊಂಡು ಬರೆದದ್ದು. ಮೂವತ್ತಾರಕ್ಕೆ ಗಂಟಲು ಒಡೆದುಹೋಗಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ರೆಕಾರ್ಡಿಂಗ್ ದಿನ ಮೂರು ಸಲ ಪ್ರಯತ್ನಪಟ್ಟು ಮೂರು ಸಲವೂ ಕೆಮ್ಮಿನ ನೆಪ ಹೇಳಿದಳು. ರೆಕಾರ್ಡಿಂಗಿನವನು ಹಳೇ ಹುಲಿ, ಅವನಿಗೆ ಗೊತ್ತಾಯಿತು. ರೆಕಾರ್ಡು ಮಾಡುವಾಗ ಟೇಪನ್ನು ನಿಧಾನ ಓಡಿಸುತ್ತೇನೆ, ಎಲ್ಲರೂ ಒಂದು ಮನೆ ಕೆಳಗೆ, ಅಂದರೆ ಪಿಯಾನೋದ ಪಕ್ಕದ ಪಟ್ಟಿಯಿಂದ ನುಡಿಸಿ, ಆಮೇಲೆ ಸರಿಯಾದ ವೇಗದಲ್ಲಿ ಹಾಕಿದಾಗ ಶ್ರುತಿ ತಾನಾಗಿ ಏರುತ್ತದೆ, ದನಿಗೆ ಹೊಳಪೂ ಬರುತ್ತದೆ ಎಂದ. ಹೊಳಪಿಗಾಗಿ ಎಂದೇ ಮೇಷ್ಟ್ರು ನಂಬಿದರು. ಈಗ ಊರೆಲ್ಲ ಮೆಚ್ಚುವ ಆ ಸ್ವರ ಹಾಡಮ್ಮನ ಬಾಯಿಂದ ಯಾವತ್ತೂ ಬಂದದ್ದೇ ಅಲ್ಲ.

ಅಷ್ಟೇ ಆಗಿದ್ದರೆ ಅದೊಂದು ಕಸುಬಿನ ಕೈಚಳಕ, ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಮೇಷ್ಟ್ರು ಏಳು ಊರುಗಳಲ್ಲಿ ಸಭಾಂಗಣ ಗೊತ್ತು ಮಾಡಿ, ಮಕ್ಕಳ ಹಾಗೆ ಕುಣಿಯುತ್ತ ಬಂದು, ಎಲ್ಲ ಕಡೆ ಈ ಹಾಡುಗಳನ್ನು ಹಾಡಬೇಕು ಎಂದರು. ಸಾವಿರ ಜನರ ಮುಂದೆ ಟೇಪು ನಿಧಾನ ಓಡುವುದಿಲ್ಲ. ಅವತ್ತಿನ ಆ ಹೆದರಿಕೆ ಅವಳಿಗೆ ಇವತ್ತಿಗೂ ಗೊತ್ತು: ಮೊಣಕಾಲಿನಲ್ಲಿ ಶುರುವಾಗಿ, ಹೊಟ್ಟೆಗೆ ಬಂದು, ನಾಲಗೆಯನ್ನು ಹಿಡಿದುಕೊಂಡಿತ್ತು. ಕಂಪನಿಯ ಮೆಟ್ಟಿಲ ಮೇಲೆ ನಿಂತು ಅವಳು ಹೇಳಿಬಿಟ್ಟಿದ್ದಳು: "ಈ ಹಾಡುಗಳು ನಂಗೆ ಹಿಡಿಸಿಲ್ಲ ಮೇಷ್ಟ್ರೇ. ಜನರ ಮುಂದೆ ಹಾಡೋ ಅಂಥದ್ದಲ್ಲ ಇವು."

ಮೇಷ್ಟ್ರು "ಹೌದಾ" ಎಂದರು. ಎರಡು ಮೆಟ್ಟಿಲು ಇಳಿದು, ತಿರುಗಿ, ಇನ್ನೊಮ್ಮೆ "ಹೌದಾ" ಎಂದರು. ಆಮೇಲೆ ಅವರು ಒಂದು ಹಾಡನ್ನೂ ಬರೆಯಲಿಲ್ಲ. ಮಕ್ಕಳಿಗೆ ಪಾಠ ಹೇಳಿಕೊಂಡಿದ್ದು, ಆರು ವರ್ಷದ ಹಿಂದೆ ತೀರಿಕೊಂಡರು. ಹಾಡಮ್ಮ ಕೆಳಗಿನ ಸ್ವರದ ಹಾಡುಗಳನ್ನೇ ಆರಿಸಿಕೊಂಡು ಇನ್ನೂ ಹತ್ತು ವರ್ಷ ದಿನ ದೂಡಿದಳು.

"ಶುರು ಮಾಡೋಣ್ವಾ ಅತ್ತೆ?"

ಹಾಡು ಶುರುವಾಯಿತು. ಮೊದಲ ಸಾಲುಗಳು ಹೇಗೋ ಸಾಗಿದವು. ತುದಿ ಹತ್ತಿರವಾಗುತ್ತಿದ್ದ ಹಾಗೆ ಬೆನ್ನು ಬೆವರಿ ರವಿಕೆ ಅಂಟಿಕೊಂಡಿತು. ಸ್ವರದ ಹಿಂದಿನ ಮಾತಿಗೆ ಬಂದಾಗ ಹಾಡಮ್ಮ ಕೆಮ್ಮಿದಳು. ಎರಡನೇ ಸಲವೂ ಅಲ್ಲಿಯೇ ಕೆಮ್ಮಿದಳು. ಡಾಕ್ಟರು ಎದ್ದು ನೀರು ತಂದುಕೊಟ್ಟ.

ಮೇಷ್ಟ್ರ ಮಗಳು ಕನ್ನಡಕ ತೆಗೆದಳು. "ಅತ್ತೆ, ಒಂದು ಮಾತು ಹೇಳ್ಲಾ? ಶ್ರುತಿ ಇಳಿಸೋಣ. ನಿಮ್ಮ ವಯಸ್ಸಲ್ಲಿ ಯಾರು ತಾನೇ ಅಷ್ಟು ಎತ್ತರಕ್ಕೆ ಹೋಗ್ತಾರೆ? ಯಾರೂ ಏನೂ ಅಂದ್ಕೊಳಲ್ಲ."

ಎಷ್ಟು ಸುಲಭ! ಹಾಡಮ್ಮ ಕುರ್ಚಿಯಲ್ಲಿ ಕೂತಳು. ತಿಂಗಳಿಂದ ನಿದ್ದೆಗೆಟ್ಟದ್ದು ಇಷ್ಟಕ್ಕೇನಾ? ವಯಸ್ಸು ಎಂದರೆ ಮುಗಿಯಿತು, ಯಾರೂ ಅದರ ಹಿಂದೆ ಏನಿದೆ ಎಂದು ಕೆದಕುವುದಿಲ್ಲ. "ಹೂಂ ಕಣೇ, ಹಾಗೇ ಮಾಡೋಣ," ಎಂದಳು, ಲೋಟವನ್ನು ತುಟಿಗೆ ತರುತ್ತ.

"ಶನಿವಾರ ಈ ಹಾಡಿಗೆ ಮುಂಚೆ ನಾನು ಎರಡು ಮಾತಾಡ್ತೀನಿ," ಎಂದು ಮೇಷ್ಟ್ರ ಮಗಳು ಚೀಲದಿಂದ ಕಾಗದ ತೆಗೆದಳು. "ಅಪ್ಪ ಹೋಗೋ ಮುಂಚೆ ಒಂದು ವಿಷಯ ಹೇಳಿದ್ರು. ಆ ಹಾಡುಗಳು ಚೆನ್ನಾಗಿಲ್ಲ ಮಗೂ, ತಿಳಿದವರೇ ಹೇಳಿದಾರೆ, ಜನರ ಮುಂದೆ ಹಾಡೋ ಅಂಥದ್ದಲ್ಲ ಅಂತ. ಯಾರಪ್ಪಾ ಹೇಳಿದ್ದು ಅಂದೆ. ಬಾಯೇ ಬಿಡ್ಲಿಲ್ಲ. ಇನ್ಯಾರು, ಕಂಪನೀಲಿ ಆಗಿದ್ದ ಮ್ಯಾನೇಜರೇ. ಅವನಿನ್ನೂ ಬದುಕಿದಾನೆ ಅತ್ತೆ, ಶನಿವಾರ ಮುಂದಿನ ಸಾಲಲ್ಲೇ ಕೂತಿರ್ತಾನೆ. ಹೆಸರು ಹಿಡಿದು ಹೇಳ್ತೀನಿ. ಒಬ್ಬ ಮನುಷ್ಯನ ಕೈ ಕಟ್ಟಿಹಾಕಿದ್ದಲ್ವಾ ಅವನು?"

ಕೆಳಗೆ ಸೈಕಲ್ಲಿನವನು ಗಾಳಿ ಹೊಡೆಯುತ್ತಿದ್ದ. ಲೋಟದ ನೀರು ಅಲುಗಿತು. ಮ್ಯಾನೇಜರು ಪಾಪದ ಮನುಷ್ಯ, ಆಲ್ಬಮ್ಮು ಓಡಲಿ ಎಂದು ಅಂಗಡಿ ಅಂಗಡಿ ಅಲೆದಿದ್ದ. ಮೇಷ್ಟ್ರು ಅವಳ ಹೆಸರನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಹೋಗಿದ್ದರು. ಈಗ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮೂವತ್ತೆಂಟು ವರ್ಷ ಮುಚ್ಚಿಕೊಂಡಿದ್ದಾಗಿದೆ, ಇನ್ನು ಮೂರು ದಿನ. ಅದೇ ಹೆದರಿಕೆ ಮೊಣಕಾಲಿನಲ್ಲಿ ಶುರುವಾಯಿತು. ಈ ಹುಡುಗಿ ಅವಳಿಗೆ ಹಬೆಯಾಡುವ ಊಟ ಕಟ್ಟಿಕೊಂಡು ಬರುತ್ತಿದ್ದಳು, ಮಾತ್ರೆ ನುಂಗಿದಿರಾ ಎಂದು ಫೋನು ಮಾಡುತ್ತಿದ್ದಳು, ಸ್ವಂತದವರು ಯಾರೂ ಇಲ್ಲದ ಹಾಡಮ್ಮನನ್ನು ಅತ್ತೆ ಎನ್ನುವ ಜೀವ ಅದೊಂದೇ. ಅದು ಹೋದರೆ? ಹೊಟ್ಟೆಗೆ ಬಂದಿತ್ತು ಹೆದರಿಕೆ. ನಾಲಗೆಗೆ ಬರುವ ಮುಂಚೆ ಹೇಳಬೇಕು.

"ಮ್ಯಾನೇಜರಲ್ಲ ಕಣೇ," ಎಂದಳು. "ನಾನು."

"ಏನು ನೀವು?"

"ಆ ಮಾತು ಹೇಳಿದ್ದು ನಾನು. ನಂಗೆ ಆ ಸ್ವರ ಬರ್ತಿರ್ಲಿಲ್ಲ. ಆಗ್ಲೂ ಬರ್ತಿರ್ಲಿಲ್ಲ. ಟೇಪು ನಿಧಾನ ಓಡಿಸಿ ಏರಿಸಿದ್ದು ಅದು. ಗಿಡ್ಡೀ, ಯಾರೂ ತಂತಿ ಬಿಗಿ ಮಾಡಿರ್ಲಿಲ್ಲಮ್ಮ." ದನಿ ಎತ್ತೆತ್ತಲೋ ಓಡುತ್ತಿತ್ತು. "ಊರೂರಲ್ಲಿ ಹಾಡ್ಬೇಕು ಅಂದ್ರು ನಿಮ್ಮಪ್ಪ. ಸಿಕ್ಕಿಬೀಳ್ತೀನಿ ಅಂತ ಹೆದರಿ, ನಿಮ್ಮ ಹಾಡೇ ಸರಿಯಿಲ್ಲ ಅಂದ್ಬಿಟ್ಟೆ."

ಮೇಷ್ಟ್ರ ಮಗಳು ಕಾಗದವನ್ನು ಎರಡಾಗಿ ಮಡಿಸಿದಳು, ಮತ್ತೆ ನಾಲ್ಕಾಗಿ ಮಡಿಸಿದಳು. ಆಮೇಲೆ ಕೇಳಿದಳು: "ನಿಮಗೆ ನಿಜವಾಗ್ಲೂ ಹಿಡಿಸಿರ್ಲಿಲ್ವಾ?"

"ಅಷ್ಟು ಒಳ್ಳೇ ಹಾಡು ನಂಗೆ ಯಾರೂ ಬರ್ಕೊಟ್ಟಿರ್ಲಿಲ್ಲ."

"ಅದನ್ನ ಅಪ್ಪಂಗೆ ಹೇಳಿದ್ರಾ? ಆಮೇಲಾದ್ರೂ? ಮೂವತ್ತೆರಡು ವರ್ಷ ಇದ್ರಲ್ಲ ಅವ್ರು."

ಹೇಳಿದ್ದೆ ಎಂದರೆ ಯಾರು ಬಂದು ಸಾಕ್ಷಿ ಕೇಳುತ್ತಾರೆ? ಆ ಸುಳ್ಳು ಬಾಯಿಯ ತನಕ ಬಂದೂ ಬಿಟ್ಟಿತ್ತು.

"ಇಲ್ಲ," ಎಂದಳು ಹಾಡಮ್ಮ.

ಮೇಷ್ಟ್ರ ಮಗಳು ಎದ್ದು ಹೋದಳು. ಬಾಗಿಲನ್ನು ಬಡಿಯಲಿಲ್ಲ; ಬಡಿದಿದ್ದರೆ ಚೆನ್ನಾಗಿತ್ತು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿದವು, ಆಮೇಲೆ ಕೇಳಿಸಲಿಲ್ಲ. ಅವಳು ಕೆಳಗೆ ನಿಂತಿದ್ದಾಳೋ, ಬಸ್ಸು ಹತ್ತಿ ಹೋದಳೋ ತಿಳಿಯುವಂತಿರಲಿಲ್ಲ. ಡಾಕ್ಟರು ಡ್ರಮ್ಮಿನ ಕಡ್ಡಿಗಳನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತ ಕೂತ. ಏನೂ ತೋಚದೆ ಗಿಡ್ಡಿ ಬಾಸಿನ ಬಿರಡೆ ತಿರುವತೊಡಗಿದಳು. ದಪ್ಪ ತಂತಿ ನರಳುತ್ತ ನರಳುತ್ತ ತನ್ನ ಜಾಗಕ್ಕೆ ಇಳಿಯಿತು. ಹಾಡಮ್ಮ ಎರಡೂ ಕೈಗಳನ್ನು ಮೊಣಕಾಲಿನ ನಡುವೆ ಒತ್ತಿ ಹಿಡಿದಿದ್ದಳು. ಎದ್ದು ಹೋಗೋಣ ಎಂದರೆ ಅದೇ ಮೆಟ್ಟಿಲು ಇಳಿಯಬೇಕು.

ಕಾಲು ಗಂಟೆಯ ಮೇಲೆ ಮೇಷ್ಟ್ರ ಮಗಳು ಬಂದಳು. ಕಣ್ಣು ಕೆಂಪಗಿತ್ತು. ಯಾರ ಮುಖವನ್ನೂ ನೋಡದೆ ಪಿಯಾನೋದ ಮುಂದೆ ಕೂತು ಸ್ಟೂಲನ್ನು ಸರಿಮಾಡಿಕೊಂಡಳು.

"ಎಷ್ಟು ಇಳಿಸ್ಬೇಕು?" ಎಂದಳು. ಅತ್ತೆ ಎನ್ನಲಿಲ್ಲ.

"ಐದು ಮನೆ."

"ಐದು," ಎಂದು ಅವಳು ಲೆಕ್ಕದ ಉತ್ತರ ತಾಳೆ ನೋಡುವವಳಂತೆ ಹೇಳಿ, ಅಪ್ಪ ಸ್ವರ ಬರೆದಿಟ್ಟ ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟಳು. ಐದು ಮನೆ ಕೆಳಗೆ ಬೆರಳುಗಳಿಗೆ ದಾರಿ ಗೊತ್ತಿರಲಿಲ್ಲ. ಹುಡುಕಿ ಹುಡುಕಿ, ಒಂದೆರಡು ಕಡೆ ತಪ್ಪಿ, ಹಾಡಿನ ಮುಂಚೆ ಬರುವ ನಾಲ್ಕು ಸಾಲನ್ನು ಹಿಡಿದಳು. ಗಿಡ್ಡಿ ಮೆಲ್ಲಗೆ ಸೇರಿಕೊಂಡಳು.

ಹಾಡಮ್ಮ ಎದ್ದು ನಿಂತಳು. ಅವಳು ಶುರುಮಾಡಬೇಕಾದ ಜಾಗ ಬಂತು, ಬಾಯಿ ತೆರೆಯಲಿಲ್ಲ, ಜಾಗ ಹೊರಟುಹೋಯಿತು. ಮೇಷ್ಟ್ರ ಮಗಳು ತಿರುಗಿ ನೋಡಲಿಲ್ಲ, ನಿಲ್ಲಿಸಲೂ ಇಲ್ಲ. ಅದೇ ನಾಲ್ಕು ಸಾಲಿಗೆ ಮತ್ತೆ ಹೋದಳು. ಎರಡನೇ ಸಲವೂ ಜಾಗ ಬಂದು ಹೋಯಿತು. ಬಗ್ಗಿದ ಆ ಬೆನ್ನು ಅಲುಗದೆ, ಇನ್ನೊಮ್ಮೆ ಮೊದಲಿನಿಂದ ನುಡಿಸತೊಡಗಿತು, ಈ ಸಲ ಒಂದಿಷ್ಟು ನಿಧಾನವಾಗಿ.