ಪುರುಡು ತೀರಿದ ಮೇಲೆ

ಸರಸಂಬಾದ ಸೂಲಗಿತ್ತಿ ನಿಂಬೆವ್ವನಿಗೆ ಮೇಲಿನ ಓಣಿಯ ಮನೆಗಳ ಒಳಗೆ ಕಾಲಿಡುವ ಭಾಗ್ಯ ಹೆರಿಗೆಯಾದಾಗ ಮಾತ್ರ ಸಿಗುತ್ತಿತ್ತು. ಹೆತ್ತ ಮನೆಗೆ ಹತ್ತು ದಿನ ಪುರುಡು. ಮನೆಯೇ ಮೈಲಿಗೆಯಾಗಿರುವಾಗ ಕೇರಿಯವಳು ಬಂದರೆ ಇನ್ನೇನು ಕೆಡುತ್ತದೆ? ಹನ್ನೊಂದನೆಯ ದಿನ ಮನೆ ತೊಳೆದರೆಂದರೆ ಅವಳು ಮತ್ತೆ ಅಂಗಳದವಳು. ಶರಣರಿಗೆ ಸೂತಕವಿಲ್ಲ ಎಂದು ಬಾಯ್ತುಂಬ ಹೇಳುವ ಮನೆಗಳಲ್ಲೂ ಇದೇ ರಿವಾಜು. ಹೇಳುವುದಕ್ಕೇನು ರೊಕ್ಕ ಬೇಕೆ?

ಆ ಹತ್ತು ದಿನಗಳನ್ನೇ ನಿಂಬೆವ್ವ ತನ್ನ ಯೇಸುಸ್ವಾಮಿಗೆ ಮೀಸಲಿಟ್ಟಿದ್ದಳು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತ, ಬಿಸಿನೀರು ಎರೆಯುತ್ತ, ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸಿನ ಕಥೆ ಹೇಳುವಳು. ಬಾಣಂತಿಯರು ಕೇಳುವರು, ಕಣ್ಣೀರೂ ಹಾಕುವರು, ಹನ್ನೊಂದನೆಯ ದಿನ ಮರೆತೂ ಬಿಡುವರು. ಇಪ್ಪತ್ತು ವರ್ಷದಲ್ಲಿ ಆ ಓಣಿಯ ಒಬ್ಬರೂ ಅವಳ ಜೊತೆ ಕೂತು ಪ್ರಾರ್ಥನೆ ಮಾಡಿರಲಿಲ್ಲ. "ಒಂದ ಮನಿ ಬಾಗಿಲಾ ತೆರಿ ಸ್ವಾಮಿ, ಒಂದ ಸಾಕು," ಎಂದು ಅವಳು ದಿನಾ ಬೇಡುತ್ತಿದ್ದಳು.

ಎಂಬತ್ಮೂರರ ಬೇಸಿಗೆಯಲ್ಲಿ ಮೇಲಿನ ಓಣಿಯ ಸುಭದ್ರಾಬಾಯಿಯ ಸೊಸೆ ಕಸ್ತೂರಿಬಾಯಿ ಗಂಡು ಹೆತ್ತಳು. ಕೂಸು ನೀಲಿಗಟ್ಟಿತ್ತು, ಅಳಲಿಲ್ಲ. ನಿಂಬೆವ್ವ ಅದರ ಬಾಯಿಗೆ ಬಾಯಿಟ್ಟು ಊದಿದಳು, ಬೆನ್ನು ತಿಕ್ಕಿದಳು, ನಡುನಡುವೆ "ಯೇಸಪ್ಪಾ, ಯೇಸಪ್ಪಾ" ಎಂದು ಕೂಗಿದಳು. ಕೊನೆಗೆ ಕೂಸು ಕಿಟಾರನೆ ಕಿರುಚಿತು. ಬಾಗಿಲಲ್ಲಿ ನಿಂತಿದ್ದ ಸುಭದ್ರಾಬಾಯಿ ಅಲ್ಲೇ ಕುಸಿದು ಕೂತು ಕೈ ಮುಗಿದಳು.

"ನಿಮ್ಮ ದೇವ್ರು ಖರೇನ ಅದಾನ ಬೇ. ಆತನ ಫೋಟೋ ಇದ್ರ ತಂದುಕೊಡು. ಮೊಮ್ಮಗನ್ನ ಉಳಿಸ್ಯಾನ, ದಿನಾ ದೀಪಾ ಹಚ್ತೇನಿ."

ನಿಂಬೆವ್ವನ ಬಳಿ ಇದ್ದದ್ದು ಒಂದೇ ಪಟ. ಅವಳ ತಾಯಿಗೆ ದೀಕ್ಷಾಸ್ನಾನದ ದಿನ ಸಿಕ್ಕದ್ದು, ಕುರಿಮರಿ ಎತ್ತಿಕೊಂಡ ಯೇಸು. ಅದನ್ನು ಮೊಳೆಯಿಂದ ಇಳಿಸಿ, ಬಸ್ಸು ಹತ್ತಿ ಆಳಂದಕ್ಕೆ ಹೋಗಿ, ಚಾಂದಪಾಶಾನ ಅಂಗಡಿಯಲ್ಲಿ ಹೊಸ ಗಾಜು ಹಾಕಿಸಿದಳು. ಒಂಬತ್ತನೆಯ ದಿನ ತನ್ನ ಕೈಯಿಂದಲೇ ಆ ಮನೆಯ ಪಡಸಾಲೆಯಲ್ಲಿ, ಬಸವಣ್ಣನ ಪಟದ ಪಕ್ಕ ತೂಗುಹಾಕಿದಳು. ಸುಭದ್ರಾಬಾಯಿ ಗಾಜಿಗೆ ವಿಭೂತಿ ಬಳಿದು ದೀಪ ಹಚ್ಚಿದಳು. ವಿಭೂತಿ ಕಂಡು ನಿಂಬೆವ್ವನ ಎದೆ ಚುರ್ ಎಂದಿತು. ಇರಲಿ, ಬಾಗಿಲು ತೆರೆಯಿತಲ್ಲ ಎಂದು ಸಮಾಧಾನ ಮಾಡಿಕೊಂಡಳು.

"ಐತವಾರ ಬರ್ತೇನ್ರಿ ಅವ್ವಾರ. ಇಬ್ರೂ ಕೂಡಿ ಪ್ರಾರ್ಥನಾ ಮಾಡೂಣು."

"ಬಾ ಬೇ, ಅದಕ್ಕೇನು," ಎಂದಳು ಸುಭದ್ರಾಬಾಯಿ.

ಆ ಐತವಾರ ಹದಿಮೂರನೆಯ ದಿನ. ನಿಂಬೆವ್ವ ತಲೆಗೆ ಎರೆದುಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಬೈಬಲ್ಲನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಹತ್ತು ದಿನದ ರೂಢಿ, ಕಾಲು ತಾನಾಗಿಯೇ ಹೊಸ್ತಿಲು ದಾಟಿತು.

"ಏ, ನಿಂದ್ರು! ಎಲ್ಲಿ ಬರಾಕತ್ತೀ?" ಕಸ್ತೂರಿಬಾಯಿ ತೊಡೆಯ ಮೇಲಿನ ಕೂಸನ್ನು ಬಾಚಿ ಎದೆಗವಚಿಕೊಂಡು ಕಿರುಚಿದಳು.

ಸುಭದ್ರಾಬಾಯಿ ಓಡಿ ಬಂದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಪುರುಡು ತೀರೇತಿ ನಿಂಬೆವ್ವ, ಮನಿ ತೊಳ್ದೇವಿ. ನೀ ಅಂಗಳದಾಗ ಕುಂತು ಪ್ರಾರ್ಥನಾ ಮಾಡು, ನಾ ಒಳಗ ಕೈ ಮುಗೀತೇನಿ."

"ಸ್ವಾಮಿ ಒಳಗ ಅದಾನಲ್ರಿ?"

"ಆತ ದೇವ್ರು ಬೇ."

ನಿಂಬೆವ್ವ ಸಿಟ್ಟಿನಿಂದ ಕೈ ಚಾಚಿದಳು. "ಆತ ನನ್ನ ಗುಡಿಸಲದಿಂದ ಬಂದಾಂವ್ರಿ. ನಾ ಮೈಲಿಗಿ ಆದ್ರ ಆತನೂ ಮೈಲಿಗಿ. ನಮ್ಮವ್ವನ ಫೋಟೋ ಹೊಳ್ಳಿ ಕೊಡ್ರಿ."

"ಅಯ್ಯ, ಒಳಗ ಬಂದ ದೇವ್ರನ್ನ ಹೊರಗ ಹಾಕ್ತಾರೇನು? ಕೂಸಿಗಿ ಕೆಡಕ ಆಗ್ತದ. ಫೋಟೋಕ್ಕೂ ನೀರ ಚಿಮುಕಿಸಿ ಮಡಿ ಮಾಡೇನಿ. ಈಗ ಆತ ನಮ್ಮಾಂವ."

ಕೂಸಿನ ಹೆಸರು ಎತ್ತಿದ ಮೇಲೆ ನಿಂಬೆವ್ವ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡಳು. ಆ ಕೂಸಿನೊಳಗಿನ ಮೊದಲ ಉಸಿರು ಅವಳದೇ ಆಗಿತ್ತು. ಅವಳು ಮೆಟ್ಟಿಲಿಳಿದಳು. ಬೆನ್ನ ಹಿಂದೆ ಹೊಸ್ತಿಲ ಮೇಲೆ ಕೊಡ ನೀರು ಸುರಿದ ಸಪ್ಪಳ ಕೇಳಿಸಿತು. ಅವಳು ಹೊರಳಿ ನೋಡಲಿಲ್ಲ.

ಮಧ್ಯಾಹ್ನ ಕೇರಿಯ ಆರಾಧನೆಗೆ ಆಳಂದದಿಂದ ಪಾದ್ರಿಗಳು ಬಂದಿದ್ದರು. ಪಟ ತೂಗುಹಾಕಿದ ಸುದ್ದಿ ಅವರಿಗೂ ಮುಟ್ಟಿತ್ತು. "ನಿಂಬೆವ್ವ, ಎದ್ದು ಸಾಕ್ಷಿ ಹೇಳ್ರಿ. ದೊಡ್ಡ ಮನ್ಯಾಗ ಏನಾತು?"

ಎಲ್ಲರ ಮುಖಗಳೂ ಅರಳಿ ಅವಳತ್ತ ತಿರುಗಿದವು. ನಿಂಬೆವ್ವ ಎದ್ದು ನಿಂತಳು.

"ಸ್ವಾಮಿ ಒಳಗ ಹ್ವಾದಾನ್ರಿ," ಎಂದಳು.

"ಸ್ತೋತ್ರ! ಸ್ತೋತ್ರ!" ಎಂದು ಜನ ಚಪ್ಪಾಳೆ ತಟ್ಟಿದರು. ಅವಳು ಎಲ್ಲಿ ನಿಂತಿದ್ದಳೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮನೆಗೆ ಬಂದು ರೂಢಿಯಂತೆ ಗೋಡೆಯ ಮುಂದೆ ಮೊಣಕಾಲೂರಿದಳು. ಎದುರಿಗೆ ಬರೀ ಮೊಳೆ. ಆ ಮುಖವನ್ನು ಇನ್ನೊಮ್ಮೆ ನೋಡಬೇಕಾದರೆ ಕಸ್ತೂರಿಬಾಯಿ ಮತ್ತೆ ಹೆರಬೇಕು.